ಮನೆಯ ಪೋರ್ಟಿಕೊದಲ್ಲಿ ಬೈಕ್ ವರ್ಕ್‌ಶಾಪ್: ಮೊದಲು ಜಾಗ, ಆಮೇಲೆ ಸ್ಪ್ಯಾನರ್

ಮನೆಯಲ್ಲೇ ಬೈಕ್ ಕೆಲಸ ಮಾಡಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ನೂರಕ್ಕೂ ಹೆಚ್ಚು ತುಂಡುಗಳಿರುವ ಟೂಲ್ ಕಿಟ್. ಅದರಲ್ಲಿ ಎಷ್ಟೋ ತುಂಡುಗಳು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಬೇಕಾದ ಒಂದೆರಡು ಸೈಜು ಅದರಲ್ಲಿ ಇರುವುದೂ ಇಲ್ಲ. ಹಾಗಾಗಿ ಯಾವ ಕೆಲಸಗಳನ್ನು ನೀವೇ ಮಾಡುತ್ತೀರಿ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಎಂಜಿನ್ ಆಯಿಲ್, ಚೈನ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಶೂ ಅಥವಾ ಪ್ಯಾಡ್, ಕೇಬಲ್‌ಗಳು, ಬ್ಯಾಟರಿ ಇವಿಷ್ಟು ಮನೆಯಲ್ಲಿ ಧೈರ್ಯವಾಗಿ ಮಾಡಬಹುದು. ಎಂಜಿನ್ ಬಿಚ್ಚುವುದು, ಫೋರ್ಕ್ ಸೀಲ್, ಎಬಿಎಸ್ ಘಟಕ ಗ್ಯಾರೇಜಿಗೇ ಇರಲಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಫ್ಯೂಯಲ್ ಪಂಪಿನ ಪೈಪ್ ಮುಟ್ಟಬೇಡಿ. ಗಾಡಿ ಆಫ್ ಆದ ಮೇಲೂ ಅದರಲ್ಲಿ ಒತ್ತಡ ಉಳಿದಿರುತ್ತದೆ, ಕಿತ್ತರೆ ಪೆಟ್ರೋಲ್ ಚಿಮ್ಮುತ್ತದೆ.

ಜಾಗ ಮತ್ತು ನೆಲ

ಸ್ಪ್ಲೆಂಡರ್‌ನಂಥ ಗಾಡಿ ಸುಮಾರು ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ. ಎರಡೂ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂರಲು ಜಾಗ ಬೇಕು. ಅಂದರೆ 10 ಅಡಿಗೆ 7 ಅಡಿ ಇದ್ದರೆ ಸಾಕು. ಪೋರ್ಟಿಕೊದ ನೆಲಕ್ಕೆ ಮಳೆನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ಒಂದು ಮಗ್ ನೀರು ಸುರಿದರೆ ಯಾವ ಕಡೆಗೆ ಎಂದು ಗೊತ್ತಾಗುತ್ತದೆ. ಡಬಲ್ ಸ್ಟ್ಯಾಂಡ್ ಹಾಕುವಾಗ ಗಾಡಿಯ ಮುಖ ಏರಿನ ಕಡೆಗಿರಲಿ. ಮುಖ ಇಳಿಜಾರಿನ ಕಡೆಗಿದ್ದು ನೀವು ಹಿಂದಿನಿಂದ ಜೋರಾಗಿ ಸ್ಪ್ಯಾನರ್ ಎಳೆದರೆ, ಗಾಡಿ ಮುಂದಕ್ಕೆ ಜಾರಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಕಲ್ಲು ಕೊಟ್ಟು ಎತ್ತುವ ಸಾಹಸ ಬೇಡ.

ಒರಟು ಸಿಮೆಂಟ್ ನೆಲವೇ ಎಲ್ಲಕ್ಕಿಂತ ಒಳ್ಳೆಯದು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಕಾಲು ಜಾರುತ್ತದೆ, ಆದ್ದರಿಂದ ರಬ್ಬರ್ ಮ್ಯಾಟ್ ಹಾಸಿ. ಇಂಟರ್‌ಲಾಕ್ ಇಟ್ಟಿಗೆಯ ಅಂಗಳವಾದರೆ ದಪ್ಪ ತಾಡಪಾಲು ಹಾಸದೆ ಕೆಲಸ ಶುರುಮಾಡಬೇಡಿ. ಸಂದಿಗೆ ಬಿದ್ದ ವಾಷರ್ ಸಿಗುವುದಿಲ್ಲ.

ದೀಪ ಒಂದೇ ಕಡೆ ಇದ್ದರೆ ನಿಮ್ಮ ನೆರಳೇ ಎಂಜಿನ್ ಮೇಲೆ ಬೀಳುತ್ತದೆ. ಎರಡು ಬದಿಗೆ ಒಂದೊಂದು 20 ವಾಟ್‌ನ ಎಲ್‌ಇಡಿ ಟ್ಯೂಬ್, ಜೊತೆಗೆ ತಲೆಗೆ ಕಟ್ಟುವ ಟಾರ್ಚ್ ಇರಲಿ. ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಸರಿಯಿರಬೇಕು, 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ನೆಲದಲ್ಲಿ ಡ್ರಿಲ್ ಹಿಡಿಯುವ ಕೈಯನ್ನು ಕಾಯುವುದು ಅದೇ.

ಬೆಂಚಿಗೆ ಕಡಪ ಕಲ್ಲಿನ ಚಪ್ಪಡಿ ಅಗ್ಗ, ಒರೆಸುವುದೂ ಸುಲಭ. ಆದರೆ ಅದಕ್ಕೆ ಬೆಂಚ್ ವೈಸ್ (ಭಾಗಗಳನ್ನು ಕಚ್ಚಿ ಹಿಡಿಯುವ ಹಿಡಿಕೆ) ಬಿಗಿಯಬೇಡಿ, ಸುತ್ತಿಗೆ ಏಟಿಗೆ ಕಲ್ಲು ಬೋಲ್ಟಿನ ತೂತಿನಿಂದಲೇ ಬಿರುಕು ಬಿಡುತ್ತದೆ. ಕಬ್ಬಿಣದ ಆ್ಯಂಗಲ್ ಫ್ರೇಮ್ ಮೇಲೆ ದಪ್ಪ ಮರದ ಹಲಗೆ ಹಾಕಿ, ಬೆಂಚಿನ ಕಾಲಿನ ನೇರಕ್ಕೆ ಮೇಲೆ 4 ಇಂಚಿನ ವೈಸ್ ಕೂರಿಸಿ. ಎತ್ತರ ನಿಮ್ಮ ಮೊಣಕೈಗಿಂತ ಸ್ವಲ್ಪ ಕೆಳಗಿರಲಿ.

ಬೆಂಕಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ದೂರ ಸಾಗುತ್ತದೆ. ಪೋರ್ಟಿಕೊದ ಮೂಲೆಯಲ್ಲಿ ಇನ್ವರ್ಟರ್ ಇದ್ದರೆ, ಕರೆಂಟ್ ಹೋಗಿ ಬಂದಾಗ ಅದರ ರಿಲೇಯಲ್ಲಿ ಹಾರುವ ಸಣ್ಣ ಕಿಡಿಯೇ ಸಾಕು. ಬಾಗಿಲ ಬಳಿಯ ದೀಪ, ಊದುಬತ್ತಿ, ಹೊರಗಿಟ್ಟ ಒಲೆ ಇವೂ ಅಷ್ಟೇ. ಕಾರ್ಬ್ಯುರೇಟರ್ ಬಿಚ್ಚುವ ದಿನ ಇವೆಲ್ಲ ಆರಿರಬೇಕು. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಸರ್ವಿಸ್ ಕೆಲಸಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಬೇಕಾಗುವುದೇ ಇಲ್ಲ.

ಐಎಸ್ 15683 ಗುರುತಿರುವ 2 ಕಿಲೋದ, ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ತನ್ನಿ. ಅದನ್ನು ಬೆಂಚಿನ ಮೇಲಲ್ಲ, ನೀವು ಹೊರಗೆ ಓಡುವ ದಾರಿಯಲ್ಲಿ ನೇತುಹಾಕಿ. ಬೆಂಕಿ ಬೆಂಚಿನ ಬಳಿಯೇ ಹತ್ತಿದರೆ ಅಲ್ಲಿಟ್ಟದ್ದು ಕೈಗೆ ಸಿಗದು. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಅದು ತೇಲಿಕೊಂಡು ಇನ್ನಷ್ಟು ಹರಡುತ್ತದೆ, ಹಾಗಾಗಿ ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳೂ ಇರಲಿ.

ಏನೇನು ಕೊಳ್ಳಬೇಕು

ಅಂಗಡಿಯಲ್ಲಿ ಸ್ಪ್ಯಾನರ್ ಜೋಡಿ ಸೈಜಿನಲ್ಲಿ ಸಿಗುತ್ತದೆ: 8-9, 10-11, 12-13, 14-15, 16-17, 18-19, 20-22. ಹೋಂಡಾ, ಹೀರೋ, ಯಮಹಾ ಗಾಡಿಗಳಲ್ಲಿ ನಿಜವಾಗಿ ದುಡಿಯುವುದು 8, 10, 12, 14, 17, 19. ಕೆಟಿಎಂಗೆ 13 ಮತ್ತು ನಕ್ಷತ್ರದಾಕಾರದ ಟಾರ್ಕ್ಸ್ ಕೀ ಬೇಕು. ಹಳೇ ಬುಲೆಟ್ ಇದ್ದವರು ಇಂಚಿನ ಸ್ಪ್ಯಾನರ್‌ಗಳನ್ನೂ ಇಟ್ಟುಕೊಳ್ಳಬೇಕು. ಹಿಂದಿನ ಆ್ಯಕ್ಸಲ್ ನಟ್ಟಿಗೆ 19ರಿಂದ 24ರವರೆಗೆ ಬೇರೆಬೇರೆ ಸೈಜು ಬರುತ್ತದೆ, ಅಳೆದೇ ತನ್ನಿ. ಬೆಂಗಳೂರಿನವರಿಗೆ ಉಪಕರಣಗಳಿಗೆ ಎಸ್.ಪಿ. ರಸ್ತೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ತಪಾರಿಯಾ ಕಂಪನಿಯ ಮಟ್ಟದ ಸ್ಪ್ಯಾನರ್ ಸಾಕು. ಅದಕ್ಕಿಂತ ಅಗ್ಗದವುಗಳ ಬಾಯಿ ಬೇಗ ಅಗಲವಾಗುತ್ತದೆ.

ಬಿಗಿಯಾದ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರ್ ಹಾಕಬೇಡಿ, ಅದು ಎರಡು ಮೂಲೆಯನ್ನಷ್ಟೇ ಹಿಡಿಯುತ್ತದೆ. ರಿಂಗ್ ಅಥವಾ ಸಾಕೆಟ್ ಬಳಸಿ. ಸಾಕೆಟ್ ಹನ್ನೆರಡು ಮೂಲೆಯದ್ದಲ್ಲ, ಆರು ಮೂಲೆಯದ್ದಿರಲಿ. ಡ್ರೈವ್ (ಸಾಕೆಟ್ ಕೂರುವ ಚೌಕ ತುದಿ) ಅರ್ಧ ಇಂಚಿಗಿಂತ 3/8 ಇಂಚು ಬೈಕಿಗೆ ಒಪ್ಪುತ್ತದೆ. ಪ್ಲಗ್ ಸ್ಪ್ಯಾನರ್ 16, 18, 21 ಹೀಗೆ ಗಾಡಿಗೊಂದು ಸೈಜು. ಜಪಾನಿ ಮೂಲದ ಗಾಡಿಗಳ ಪ್ಲಸ್ ಸ್ಕ್ರೂಗಳಿಗೆ ಜೆಐಎಸ್ (ಜಪಾನಿ ಅಳತೆಯ) ಸ್ಕ್ರೂಡ್ರೈವರ್ ಬೇರೆಯೇ ಇದೆ. ಸಾಮಾನ್ಯ ಫಿಲಿಪ್ಸ್ ಅವುಗಳಲ್ಲಿ ಪೂರ್ತಿ ಕೂರದೆ ಮೇಲೆದ್ದು ತಲೆಯನ್ನು ಕೆಡಿಸುತ್ತದೆ. ಇಷ್ಟರ ಮೇಲೆ ಒಂದು ಮಲ್ಟಿಮೀಟರ್, 0.05 ಮಿ.ಮೀ.ಯಿಂದ ಶುರುವಾಗುವ, ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್, ಟೈರ್ ಗಾಳಿ ನೋಡುವ ಗೇಜ್, 5 ಲೀಟರ್ ಹಿಡಿಸುವ ಅಗಲದ ಟ್ರೇ, ಒರೆಸಲು ಬನಿಯನ್ ವೇಸ್ಟ್ (ಬಟ್ಟೆ ಚೂರು) ಬೇಕು.

ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ರೆಂಚ್ ಮಾತ್ರ ಜಿಪುಣತನ ಮಾಡದೆ ಕೊಳ್ಳಿ. ಎಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಕೈ ಅಂದಾಜಿನಲ್ಲಿ ಬಿಗಿದರೆ ಸೋಲುವುದು ಕೇಸಿನ ಥ್ರೆಡ್. ಕೇಸಿನ 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, 12 ಮಿ.ಮೀ. ಡ್ರೈನ್ ಬೋಲ್ಟಿಗೆ ಹೆಚ್ಚಿನ ಗಾಡಿಗಳಲ್ಲಿ 24ರಿಂದ 30. ಅಂಗಡಿಯವರು ತೋರಿಸುವ ಅರ್ಧ ಇಂಚಿನ 28-210ರ ರೆಂಚ್ ಕಾರಿನ ಚಕ್ರಕ್ಕೆ ಸರಿ, ಇಲ್ಲಿ ಉಪಯೋಗವಿಲ್ಲ. 10ರಿಂದ 60ರವರೆಗೆ ಅಳೆಯುವುದನ್ನು ಕೇಳಿ. ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಅಂಕಿಗೆ ಇಳಿಸಿ ಇಡಿ, ಇಲ್ಲದಿದ್ದರೆ ಸ್ಪ್ರಿಂಗ್ ಸಡಿಲವಾಗಿ ಅಳತೆ ತಪ್ಪುತ್ತದೆ.

ಮೊದಲ ಎರಡು ಕೆಲಸ

ಆಯಿಲ್ ಬದಲಾಯಿಸಲು ಎಂಜಿನ್ಅನ್ನು ಐದು ನಿಮಿಷ ಓಡಿಸಿ, ಗಾಡಿಯನ್ನು ಡಬಲ್ ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ. ಮೊದಲು ಮೇಲಿನ ಆಯಿಲ್ ಕ್ಯಾಪ್ ತೆರೆದು, ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ. ಹತ್ತು ನಿಮಿಷ ಇಳಿಯಲಿ. ಬೋಲ್ಟಿನ ವಾಷರ್ ಹೊಸದೇ ಹಾಕಿ. ಅದು ಒಮ್ಮೆ ಒತ್ತಿಕೊಂಡರೆ ಮತ್ತೆ ಸೀಲ್ ಆಗುವುದಿಲ್ಲ, ಸೋರುತ್ತದೆಂದು ಇನ್ನಷ್ಟು ಬಿಗಿಯುವಾಗಲೇ ಥ್ರೆಡ್ ಹೋಗುವುದು. ಕೈಪಿಡಿಯಲ್ಲಿ ಆಯಿಲ್ ಪ್ರಮಾಣಕ್ಕೆ ಎರಡು ಮೂರು ಅಂಕಿ ಇರುತ್ತವೆ. ಎಂಜಿನ್ ಪೂರ್ತಿ ಬಿಚ್ಚಿದಾಗಿನ ದೊಡ್ಡ ಅಂಕಿಯನ್ನಲ್ಲ, ಡ್ರೈನ್ ಮಾಡಿದಾಗಿನದನ್ನು ನೋಡಿ ಸುರಿಯಿರಿ. ಬಾಟಲಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ, ಅದೇ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಜಾರತೊಡಗಬಹುದು. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಅನ್ನು ತಿರುಗಿಸಿ ನೋಡಬೇಕೋ, ಸುಮ್ಮನೆ ಇಳಿಸಿ ನೋಡಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ.

ಚೈನ್ ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್, ಜೊತೆಗೆ ನೈಲಾನ್ ಬ್ರಷ್. ಪೆಟ್ರೋಲ್ ಬೇಡ, ಅದು ಓ-ರಿಂಗ್ ಚೈನಿನ ರಬ್ಬರನ್ನು ಹಾಳುಮಾಡುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಚೈನಿಗೆ ಬಟ್ಟೆ ಹಿಡಿದವರು ಬೆರಳು ಕಳೆದುಕೊಂಡಿದ್ದಾರೆ. ಒರೆಸಿ ಒಣಗಿದ ಮೇಲೆ 90ರ ಗೇರ್ ಆಯಿಲನ್ನು ಒಳಬದಿಗೆ ಹನಿಸಿ. ಸಡಿಲವನ್ನು, ಅಂದರೆ ಚೈನ್ ಎಷ್ಟು ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು, ಅದು ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಿರಿ. ದಿನಬಳಕೆಯ ಗಾಡಿಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ., ಉಳಿದವಕ್ಕೆ ಕೈಪಿಡಿಯ ಅಂಕಿ. ಎರಡೂ ಬದಿಯ ಅಡ್ಜಸ್ಟರ್ ಒಂದೇ ಗುರುತಿಗಿರಲಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಸ್ಪ್ರಾಕೆಟ್ ಒಂದೇ ಕಡೆ ಸವೆಯುತ್ತದೆ.

ಬ್ರೇಕ್ ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಫ್ಲೂಯಿಡ್ ಟ್ಯಾಂಕಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಆಯಾ ಜಾಗದ ಚಿತ್ರ ಬರೆದು ಚುಚ್ಚಿಡಿ. ಕೇಸಿನ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ.

ಕರಾವಳಿ, ಮಲೆನಾಡಿನವರು ಜೂನ್‌ಗೆ ಮುಂಚೆಯೇ ಸ್ಪ್ಯಾನರ್‌ಗಳಿಗೆ ತೆಳುವಾಗಿ ಆಯಿಲ್ ಸವರಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಬೇಕು. ಗೋಡೆಗೆ ನೇತುಹಾಕಿದವು ಮಳೆಗಾಲ ಮುಗಿಯುವುದರೊಳಗೆ ತುಕ್ಕು ಹಿಡಿದಿರುತ್ತವೆ. ಹಳೇ ಆಯಿಲನ್ನು ಚೈನಿಗೆ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಚರಂಡಿಗಂತೂ ಸುರಿಯಲೇಬೇಡಿ. ಖಾಲಿಯಾದ ಆಯಿಲ್ ಡಬ್ಬಿಗೇ ತುಂಬಿ, ಹೊರಗೆ ‘ಹಳೇ ಆಯಿಲ್’ ಎಂದು ಬರೆದು, ಬಳಸಿದ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಅವರು ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮರುಸಂಸ್ಕರಣೆಗೆ ಕಳಿಸುತ್ತಾರೆ.