ಲೋಟದೊಳಗಿನ ಅಡಿಕೆ ಸದ್ದು ಮಾಡದ ಹಾಗೆ ಗೇರ್ ಹಾಕಲು ಕಲಿತದ್ದು

ನಾನು ಗೇರ್ ಬದಲಿಸಿದಾಗಲೆಲ್ಲ ಪಕ್ಕದಲ್ಲಿ ಕೂತ ಅಮ್ಮನ ತಲೆ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಅಮ್ಮ ಏನೂ ಹೇಳುತ್ತಿರಲಿಲ್ಲ. ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದಳು. ಒಂದು ದಿನ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿಯ ನಾಲ್ಕನೇ ತಿರುವಿನಲ್ಲಿ "ಸ್ವಲ್ಪ ನಿಲ್ಸೇ" ಅಂದಳು. ಘಾಟಿಯ ಬುಡದ ಸೋಮೇಶ್ವರ ಮುಟ್ಟುವಷ್ಟರಲ್ಲಿ ಮೂರು ಸಲ ಅಗಲ ಜಾಗ ನೋಡಿ ನಿಲ್ಲಿಸಬೇಕಾಯಿತು.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಹೊಟ್ಟೆ ತೊಳೆಸುವುದು ಸಹಜ ಅಂತ ಸುಮ್ಮನಿರಬಹುದಿತ್ತು. ಆದರೆ ಅದೇ ದಾರಿಯಲ್ಲಿ ಮಿನಿ ಬಸ್ಸಲ್ಲಿ ಹೋದರೆ ಅಮ್ಮನಿಗೆ ಏನೂ ಆಗುವುದಿಲ್ಲ. ತೊಂದರೆ ಇದ್ದದ್ದು ನನ್ನ ಕಾಲಲ್ಲಿ. ಅದು ಗೊತ್ತಾದಾಗ ನನಗೆ ತುಂಬಾ ಬೇಸರವಾಯಿತು. ಡಿಎಲ್ ಸಿಕ್ಕಿ ಆಗಲೇ ಎರಡು ವರ್ಷ ಆಗಿತ್ತು.

ನಾನು ಕಾರು ಕಲಿತದ್ದು ಬೆಂಗಳೂರಿನ ಒಂದು ಡ್ರೈವಿಂಗ್ ಸ್ಕೂಲಲ್ಲಿ. ಅಲ್ಲಿ ಹೇಳಿಕೊಟ್ಟದ್ದು ಇಷ್ಟು: ಕ್ಲಚ್ ಪೂರ್ತಿ ಒತ್ತು, ಗೇರ್ ಹಾಕು, ನಿಧಾನಕ್ಕೆ ಬಿಡು. ಆ ಕಾರಲ್ಲಿ ಕಲಿಸುವವರ ಕಡೆಗೂ ಕ್ಲಚ್, ಬ್ರೇಕ್ ಇರುತ್ತದಲ್ಲ, ಟ್ರಾಫಿಕ್ಕಲ್ಲಿ ಅರ್ಧ ಕೆಲಸ ಅವರ ಕಾಲೇ ಮಾಡುತ್ತಿತ್ತು. ಹಾಗಾಗಿ ನನ್ನ ಕಾಲಿಗೆ ಏನು ಬರುತ್ತಿಲ್ಲ ಅನ್ನುವುದು ನನಗೆ ತಿಳಿಯಲೇ ಇಲ್ಲ.

ತಿಳಿಸಿದವರು ನನ್ನ ಸೋದರಮಾವ. ಮೂವತ್ತು ವರ್ಷ ಲಾರಿ ಓಡಿಸಿದವರು. ಆಗುಂಬೆಯ ಆ ಪ್ರಯಾಣದ ಮರುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಪ್ಪದ ಕಡೆ ಒಂದು ಸುತ್ತು ಹೋದೆ. ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಹೇಳಿದರು: "ಅಲ್ಲ ಮಾರಾಯ್ತಿ, ನಿನ್ನ ಎಡಗಾಲು ಸರಿ ಉಂಟು. ಬಲಗಾಲು ಏನೂ ಕೆಲಸ ಮಾಡ್ತಾ ಇಲ್ಲ."

ಅಲ್ಲಿಯ ತನಕ ನಾನು ಜರ್ಕ್ ಹೋಗಿಸಲು ಕ್ಲಚ್ಚನ್ನು ಇನ್ನೂ ನಿಧಾನ, ಇನ್ನೂ ನಿಧಾನ ಅಂತ ಬಿಡುತ್ತಿದ್ದೆ. ಹಾಗೆ ಮಾಡಿದಷ್ಟೂ ಕ್ಲಚ್ ಪ್ಲೇಟ್ ಉಜ್ಜಿ ಸವೆಯುತ್ತಿತ್ತು. ಜರ್ಕ್ ಪೂರ್ತಿ ಹೋಗುತ್ತಿರಲಿಲ್ಲ.

ಮಾವ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಕ್ಲಚ್ ಒತ್ತಿದಾಗ ಎಂಜಿನ್ ಬೇರೆ, ಚಕ್ರ ಬೇರೆ ಆಗುತ್ತವೆ. ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಇನ್ನೊಂದು ಕಡೆ ಚಕ್ರದ ಓಟಕ್ಕೆ ತಕ್ಕ ಹಾಗೆ ಗೇರ್‌ಬಾಕ್ಸ್ ತಿರುಗುತ್ತಿರುತ್ತದೆ. ಕ್ಲಚ್ ಬಿಟ್ಟಾಗ ಎರಡೂ ಸೇರಬೇಕು. ಆ ಹೊತ್ತಿಗೆ ಎಂಜಿನ್ ನಿಧಾನವಾಗಿದ್ದರೆ ಗಾಡಿಯನ್ನು ಹಿಡಿದು ಎಳೆದ ಹಾಗಾಗುತ್ತದೆ, ಕೂತವರ ತಲೆ ಮುಂದಕ್ಕೆ ಬಾಗುತ್ತದೆ. ಎಂಜಿನ್ ಜೋರಾಗಿದ್ದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ, ತಲೆ ಹಿಂದಕ್ಕೆ ಹೋಗುತ್ತದೆ. ಎರಡರ ವೇಗ ಒಂದೇ ಆಗಿದ್ದರೆ ಕ್ಲಚ್ ಸ್ವಲ್ಪ ಬೇಗ ಬಿಟ್ಟರೂ ಏನೂ ಗೊತ್ತಾಗುವುದಿಲ್ಲ.

ಅಮ್ಮನ ತಲೆ ಯಾವಾಗಲೂ ಮುಂದಕ್ಕೆ ಬಾಗುತ್ತಿತ್ತು. ಅಂದರೆ ನನ್ನ ಎಂಜಿನ್ ಪ್ರತಿ ಸಲವೂ ನಿಧಾನವಾಗಿರುತ್ತಿತ್ತು. ಗೇರ್ ಹಾಕುವ ಮೊದಲು ನಾನು ಎಕ್ಸಿಲೇಟರ್‌ನಿಂದ ಕಾಲು ಪೂರ್ತಿ ತೆಗೆದು, ಒಂದು ಕ್ಷಣ ತಡೆದು, ಆಮೇಲೆ ಕ್ಲಚ್ ಒತ್ತುತ್ತಿದ್ದೆ. ಆ ಒಂದು ಕ್ಷಣದಲ್ಲೇ ಎಂಜಿನ್ ಗಾಡಿಯನ್ನು ಹಿಡಿಯುತ್ತಿತ್ತು, ಅದು ಮೊದಲನೇ ಜರ್ಕ್. ಆಮೇಲೆ ಜಾಗ್ರತೆ ಅಂತ ಗೇರನ್ನು ನಿಧಾನವಾಗಿ ಹಾಕುತ್ತಿದ್ದೆ. ಅಷ್ಟರಲ್ಲಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮುಳ್ಳು 800ಕ್ಕೆ ಇಳಿದಿರುತ್ತಿತ್ತು. ಕ್ಲಚ್ ಬಿಟ್ಟಾಗ ಎರಡನೇ ಜರ್ಕ್.

ಮಾವನಿಗೆ ಇದು ಮೈಗೂಡಿದ್ದಕ್ಕೆ ಕಾರಣ ಹಳೆಯ ಲಾರಿಗಳು. ಅವುಗಳಲ್ಲಿ ಸಿಂಕ್ರೊಮೆಶ್, ಅಂದರೆ ಗೇರ್ ಕೂಡುವ ಮೊದಲು ವೇಗವನ್ನು ತಾನೇ ಸರಿ ಮಾಡುವ ಏರ್ಪಾಡು, ಇರುತ್ತಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು. ಗೇರ್ ಇಳಿಸುವುದಾದರೆ ಅಲ್ಲೊಮ್ಮೆ ರೇಸ್ ಮಾಡಬೇಕು. ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ತಪ್ಪಿದರೆ ಗರಗರ ಅಂತ ಹಲ್ಲು ಉಜ್ಜುತ್ತದೆ. ಈಗಿನ ಕಾರಿನ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯಂಥ ಲೋಹದ ಬಳೆಗಳಿರುತ್ತವೆ. ಗೇರಿನ ಹಲ್ಲು ಕೂಡುವ ಮೊದಲು ಎರಡು ಕಡೆಯ ವೇಗವನ್ನು ಅವು ಸರಿ ಮಾಡುತ್ತವೆ. ಆದರೆ ಅವು ನೋಡಿಕೊಳ್ಳುವುದು ಗೇರ್‌ಬಾಕ್ಸಿನ ಒಳಗಿನ ಲೆಕ್ಕ ಮಾತ್ರ. ಎಂಜಿನ್ನಿನ ಲೆಕ್ಕ ಓಡಿಸುವವರದ್ದೇ. ಇದು ಗೊತ್ತಾದ ದಿನ ನನಗೆ ಅರ್ಧ ಗೇರ್ ಬಂದ ಹಾಗಾಯಿತು.

ಅಭ್ಯಾಸ ಶುರು ಮಾಡಿದ್ದು ಊರಿನ ಶಾಲೆ ಮೈದಾನದಲ್ಲಿ, ಭಾನುವಾರ ಬೆಳಗ್ಗೆ. ಮೊದಲು ಸೀಟು ಸರಿ ಮಾಡಿಕೊಂಡೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಮೊದಲೆಲ್ಲ ನಾನು ಹಿಂದೆ ಕೂತು ಕಾಲು ಚಾಚುತ್ತಿದ್ದೆ, ಹಾಗಾಗಿ ಕ್ಲಚ್ಚಿನ ಕೊನೆಯ ಒಂದು ಇಂಚು ಕಾಲಿಗೆ ಸಿಗುತ್ತಿರಲಿಲ್ಲ. ಚಪ್ಪಲಿಯನ್ನೂ ಬಿಟ್ಟೆ. ಜಾರುವ ಚಪ್ಪಲಿ ಹಾಕಿಕೊಂಡು ಈ ಕೆಲಸ ಕಲಿಯಲು ಆಗುವುದಿಲ್ಲ. ತೆಳು ಅಟ್ಟೆಯ ಶೂ ಒಳ್ಳೆಯದು.

ಮೊದಲ ಗೇರ್ ಹಾಕಿ, ಎಕ್ಸಿಲೇಟರ್ ಮುಟ್ಟದೆ, ಬರೀ ಕ್ಲಚ್ಚಿನಲ್ಲಿ ಗಾಡಿ ಹೊರಡಿಸುವುದು. ಒಂದು ಜಾಗದಲ್ಲಿ ಎಂಜಿನ್ ಸದ್ದು ತಗ್ಗುತ್ತದೆ, ಸ್ಟೇರಿಂಗಲ್ಲಿ ಸಣ್ಣ ನಡುಕ ಬರುತ್ತದೆ. ಅದೇ ಕ್ಲಚ್ ಹಿಡಿಯುವ ಜಾಗ. ಅಲ್ಲಿ ಕಾಲನ್ನು ತಡೆದು ಹಿಡಿದರೆ ಗಾಡಿ ತಾನೇ ತೆವಳುತ್ತದೆ. ಮೊದಲ ದಿನ ಐವತ್ತು ಸಲ ಮಾಡಿದೆ. ಎಂಟು ಸಲ ಗಾಡಿ ಆಫ್ ಆಯಿತು. ಮೂರನೇ ವಾರದ ಹೊತ್ತಿಗೆ ಕಣ್ಣು ಮುಚ್ಚಿದರೂ ಆ ಜಾಗ ಎಲ್ಲಿದೆ ಅಂತ ಕಾಲಿಗೆ ಗೊತ್ತಿತ್ತು.

ಆಮೇಲೆ ರಸ್ತೆ. ನನ್ನದು ಪೆಟ್ರೋಲ್ ಸ್ವಿಫ್ಟ್, ಐದು ಗೇರ್. ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಯಾವ ವೇಗಕ್ಕೆ ಯಾವ ಗೇರಲ್ಲಿ ಮುಳ್ಳು ಎಲ್ಲಿರುತ್ತದೆ ಅಂತ ಬರೆಸಿದೆ. 20 ಕಿ.ಮೀ. ವೇಗದಲ್ಲಿ ಒಂದನೇ ಗೇರಲ್ಲಿ ಸುಮಾರು 2,650, ಎರಡನೇ ಗೇರಲ್ಲಿ 1,400. 40ರಲ್ಲಿ ಎರಡನೇ ಗೇರಲ್ಲಿ 2,850, ಮೂರರಲ್ಲಿ 1,900, ನಾಲ್ಕರಲ್ಲಿ 1,450. ಈ ಅಂಕಿಗಳು ಬೇರೆ ಕಾರಿಗೆ ಬೇರೆ ಇರುತ್ತವೆ. ಆದರೆ ಒಂದು ವಿಷಯ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ: ಒಂದರಿಂದ ಎರಡಕ್ಕೆ ಹೋಗುವಾಗಲೇ ಎಂಜಿನ್ ಅತಿ ಜಾಸ್ತಿ ಇಳಿಯಬೇಕು. ನನ್ನ ಕಾರಲ್ಲಿ ಸುಮಾರು ಅರ್ಧಕ್ಕೆ. ಎಲ್ಲರಿಗೂ ಎರಡನೇ ಗೇರಲ್ಲೇ ಜರ್ಕ್ ಜಾಸ್ತಿ ಬರುವುದು ಇದಕ್ಕೇ ಅಲ್ವಾ? ಅಲ್ಲಿ ಸ್ವಲ್ಪ ತಡೆಯಬೇಕು. ಮೂರರಿಂದ ನಾಲ್ಕಕ್ಕೆ ಅಷ್ಟು ತಡೆದರೆ ತಡವಾಗುತ್ತದೆ. ಎಲ್ಲ ಗೇರಿಗೂ ಒಂದೇ ತಾಳ ಹಾಕುತ್ತಿದ್ದದ್ದು ನನ್ನ ದೊಡ್ಡ ತಪ್ಪು.

ಕಾಲುಗಳ ಕೆಲಸವನ್ನು ಮಾವ ಹೀಗೆ ಹೇಳಿಕೊಟ್ಟರು. ಬಲಗಾಲು ಏಳುವುದೂ ಎಡಗಾಲು ಒತ್ತುವುದೂ ಒಟ್ಟಿಗೆ ಆಗಬೇಕು, ತಕ್ಕಡಿಯ ಎರಡು ತಟ್ಟೆಯ ಹಾಗೆ. ಗೇರ್ ಬಿದ್ದ ಮೇಲೆ ಕ್ಲಚ್ಚನ್ನು ಹಿಡಿಯುವ ಜಾಗದ ತನಕ ಬೇಗ ತರಬೇಕು, ಅಲ್ಲಿ ಅರೆಕ್ಷಣ ತಡೆಯಬೇಕು. ತಡೆಯುವಾಗಲೇ ಬಲಗಾಲು ಎಕ್ಸಿಲೇಟರನ್ನು ಒಂದು ಚೂರು ಒತ್ತಿರಬೇಕು. ಆಮೇಲೆ ಪೂರ್ತಿ ಬಿಡಬೇಕು. ಕೆಲವು ಹೊಸ ಕಾರುಗಳಲ್ಲಿ ಕಾಲು ತೆಗೆದರೂ ಎಂಜಿನ್ ಸದ್ದು ಬೇಗ ಇಳಿಯುವುದಿಲ್ಲ. ಅಕ್ಕನ ಕಾರು ಹಾಗೇ ಇದೆ. ಅದರಲ್ಲಿ ಇನ್ನೊಂದು ಚೂರು ಕಾಯುತ್ತೇನೆ.

ಮುಳ್ಳು ನೋಡುತ್ತಾ ಓಡಿಸಲು ಆಗುವುದಿಲ್ಲ. ಹಾಗಾಗಿ ಒಂದು ಸ್ಟೀಲ್ ಲೋಟದೊಳಗೆ ಒಂದು ಒಣ ಅಡಿಕೆ ಹಾಕಿ ಕಪ್ ಇಡುವ ಜಾಗದಲ್ಲಿ ಇಟ್ಟೆ. ನುಣುಪಾದ ರಸ್ತೆಯಲ್ಲಿ ಅಡಿಕೆ ಸುಮ್ಮನೆ ಇರುತ್ತದೆ. ಜರ್ಕ್ ಆದರೆ ಲೋಟಕ್ಕೆ ಬಡಿದು ಟಣ್ ಅನ್ನುತ್ತದೆ. ಕಣ್ಣು ರಸ್ತೆ ಮೇಲೆ, ಕಿವಿ ಲೋಟದ ಮೇಲೆ. ಮೊದಮೊದಲು ಪ್ರತಿ ಗೇರಿಗೂ ಟಣ್. ಒಂದೂವರೆ ತಿಂಗಳಾದ ಮೇಲೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಗೇರ್ ಬದಲಿಸಿದ್ದಕ್ಕೆ ಸದ್ದು ಬಂದದ್ದು ನಾಲ್ಕೇ ಸಲ. ಆ ದಿನದ ಖುಷಿ ಇನ್ನೂ ನೆನಪಿದೆ.

ಕೈಯ ವಿಷಯ ಬೇಗ ಹೇಳಿಬಿಡುತ್ತೇನೆ. ಗೇರ್ ಲಿವರಿಗೆ ಒಳಗೆ ಸ್ಪ್ರಿಂಗ್ ಇದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ತಾನೇ ಮೂರು ಮತ್ತು ನಾಲ್ಕರ ನಡುವೆ ಬಂದು ನಿಲ್ಲುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮುಷ್ಟಿ ಸಡಿಲ ಬಿಟ್ಟು ಮುಂದಕ್ಕೆ ತಳ್ಳಿದರೆ ಸಾಕು. ನಾನು ನನ್ನ ಕಡೆಗೆ ಎಳೆದು ಎಷ್ಟೋ ಸಲ ಐದಕ್ಕೆ ಹಾಕಿದ್ದೇನೆ. ಐದರಿಂದ ನಾಲ್ಕಕ್ಕೆ ಬರುವಾಗ ಇನ್ನೂ ಹುಷಾರಾಗಿರಬೇಕು. ಎಡಕ್ಕೆ ಜೋರಾಗಿ ನೂಕಿದರೆ ಎರಡಕ್ಕೆ ಬೀಳುತ್ತದೆ. 80ರ ವೇಗದಲ್ಲಿ ಅದು ಎಂಜಿನ್ನಿಗೂ ಅಪಾಯ, ಗಾಡಿಯಲ್ಲಿ ಇರುವವರಿಗೂ ಅಪಾಯ.

ಗೇರ್ ಇಳಿಸುವುದು ನನಗೆ ಎಲ್ಲಕ್ಕಿಂತ ತಡವಾಗಿ ಬಂತು. 40ರಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರೆ ಎಂಜಿನ್ 1,900ರಿಂದ 2,850ಕ್ಕೆ ಏರಬೇಕು. ನಾವು ಏರಿಸದಿದ್ದರೆ ಚಕ್ರಗಳು ಕ್ಲಚ್ಚಿನ ಮೂಲಕ ಅದನ್ನು ಎಳೆದು ಏರಿಸುತ್ತವೆ. ಘಾಟಿಯಲ್ಲಿ ಅಮ್ಮನಿಗೆ ತೊಂದರೆ ಕೊಟ್ಟದ್ದು ಇದೇ. ಈಗ ಮಾಡುವುದು ಹೀಗೆ: ತಿರುವಿಗೆ ಸಾಕಷ್ಟು ಮೊದಲೇ ಬ್ರೇಕ್ ಹಿಡಿದು 25ಕ್ಕೆ ಬರುತ್ತೇನೆ. ಬ್ರೇಕ್ ಬಿಟ್ಟು, ಕ್ಲಚ್ ಒತ್ತಿ ಎರಡಕ್ಕೆ ಹಾಕುತ್ತೇನೆ. ಕ್ಲಚ್ ಒತ್ತಿಕೊಂಡೇ ಎಕ್ಸಿಲೇಟರನ್ನು ಒಮ್ಮೆ ಸಣ್ಣಗೆ ಒತ್ತುತ್ತೇನೆ. ಸದ್ದು ಏರಿದ ಕೂಡಲೇ ಕ್ಲಚ್ ಬಿಡುತ್ತೇನೆ. ಇಷ್ಟೂ ತಿರುವಿನ ಮೊದಲು, ಗಾಡಿ ನೇರ ಇರುವಾಗಲೇ ಮುಗಿಯಬೇಕು. ಒಂದೇ ಕಾಲಲ್ಲಿ ಬ್ರೇಕೂ ಎಕ್ಸಿಲೇಟರೂ ಒತ್ತುವ ರೇಸಿನವರ ವಿದ್ಯೆ ನಮ್ಮ ದಾರಿಗೆ ಬೇಡ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವವರನ್ನು ಈಗಲೂ ನೋಡುತ್ತೇನೆ. ಪೆಟ್ರೋಲ್ ಉಳಿಯುತ್ತದೆ ಅಂತ. ದಯವಿಟ್ಟು ಮಾಡಬೇಡಿ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗಾಡಿ ಗೇರಲ್ಲಿದ್ದು ಎಕ್ಸಿಲೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಂದ್ ಆಗದಿರಲು ಪೆಟ್ರೋಲ್ ಬೇಕು. ಅದಕ್ಕಿಂತ ಮುಖ್ಯ ಏನೆಂದರೆ, ಎಂಜಿನ್ನಿನ ಹಿಡಿತ ಇಲ್ಲದೆ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಹತ್ತುವಾಗ ಬೇಕಾಗುವ ಗೇರಲ್ಲೇ ಇಳಿಯುವುದು ಮಾವನ ಲಾರಿಯ ಕಾಲದ ನಿಯಮ.

ಬೆಂಗಳೂರಿನ ಟ್ರಾಫಿಕ್ಕಲ್ಲಿ ನನ್ನ ಹಳೆಯ ಅಭ್ಯಾಸಕ್ಕೆ ಬೆಲೆ ತೆತ್ತಿದ್ದೇನೆ. ಸಿಲ್ಕ್ ಬೋರ್ಡ್ ಕಡೆ ಸಿಗ್ನಲ್‌ನಲ್ಲಿ, ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ಚಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಿದ್ದೆ. 42,000 ಕಿ.ಮೀ.ಗೆ ಕ್ಲಚ್ ಪ್ಲೇಟ್ ಹೋಯಿತು. ಅದಕ್ಕೂ ಮೊದಲೇ ಸುಟ್ಟ ವಾಸನೆ ಬರುತ್ತಿತ್ತು, ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಎಳೆಯುತ್ತಿರಲಿಲ್ಲ. ಈಗ ನಿಂತ ಕೂಡಲೇ ನ್ಯೂಟ್ರಲ್, ಏರಿದ್ದರೆ ಹ್ಯಾಂಡ್‌ಬ್ರೇಕ್. ಹೊರಡುವಾಗ ಕ್ಲಚ್ ಹಿಡಿದು ಗಾಡಿ ಮುಂದಕ್ಕೆ ಎಳೆಯಲು ಶುರು ಮಾಡಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡುತ್ತೇನೆ. ಓಡಿಸುವಾಗ ಎಡಗಾಲನ್ನು ಕ್ಲಚ್ ಮೇಲೆ ಇಡುವುದಿಲ್ಲ, ಪಕ್ಕದಲ್ಲಿ ಊರಿರುತ್ತೇನೆ.

ಮಳೆಗಾಲ ಮುಗಿದ ಮೇಲೆ ಅಮ್ಮನ ಜೊತೆ ಮತ್ತೆ ಆಗುಂಬೆ ಇಳಿದೆ. ಹತ್ತಿ ಬರುವ ಗಾಡಿಗಳಿಗೆ ಮೊದಲು ದಾರಿ ಬಿಡುತ್ತಾ, ಬಹುತೇಕ ಎರಡನೇ ಗೇರಲ್ಲೇ. ಮೊದಲ ಮೂರು ತಿರುವು ಅಮ್ಮ ಹಿಡಿ ಬಿಟ್ಟಿರಲಿಲ್ಲ. ಏಳನೆಯದು ದಾಟಿದ ಮೇಲೆ ಪಕ್ಕಕ್ಕೆ ನೋಡಿದರೆ ಕವಳದ ಚೀಲ ಬಿಚ್ಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹನ್ನೊಂದರಲ್ಲಿ ಎದುರಿಗೆ ಬಸ್ ಬಂತು. ಗಡಿಬಿಡಿಯಲ್ಲಿ ಒಂದಕ್ಕೆ ಇಳಿಸುವಾಗ ಬಲಗಾಲನ್ನು ಮರೆತೆ. ಲೋಟ ಟಣ್ ಅಂದಿತು. "ಆ ಅಡಿಕೆ ಸುಮ್ನೆ ಯಾಕೆ ಇಟ್ಟಿದೀಯ, ಇಲ್ಲಿ ಕೊಡು" ಅಂದಳು ಅಮ್ಮ.