ಮೊದಲು ತಕ್ಕಡಿ, ಆಮೇಲೆ ಮೋಟಾರ್: ಮನೆಯಲ್ಲೇ ಮಾಡಿದ ಆರ್‌ಸಿ ವಿಮಾನಕ್ಕೆ ಸಾಮಾನು ಆರಿಸುವುದು ಹೇಗೆ?

ಫೋಮ್ ಶೀಟ್ ಕತ್ತರಿಸಿ ಆರ್‌ಸಿ, ಅಂದರೆ ರೇಡಿಯೊ ರಿಮೋಟಿನಿಂದ ಹಾರಿಸುವ ವಿಮಾನದ ಆಕಾರ ಮಾಡುವುದು ಒಂದು ಭಾನುವಾರದ ಕೆಲಸ. ತಲೆ ಕೆಡುವುದು ಆಮೇಲೆ. ಆನ್‌ಲೈನ್‌ನಲ್ಲಿ ಮೋಟಾರ್ ಅಂತ ಹುಡುಕಿದರೆ ಅಂಕಿಗಳ ಸಂತೆಯೇ ತೆರೆದುಕೊಳ್ಳುತ್ತದೆ. 2212, 1000 ಕೆವಿ, 30 ಎ, 3ಎಸ್, 25 ಸಿ. ಇದರಲ್ಲಿ ನಮಗೆ ಬೇಕಾದದ್ದು ಯಾವುದು?

ಬೆಳಗಾವಿಯಲ್ಲಿ ಇಂಥ ಹವ್ಯಾಸಕ್ಕೆ ಕೈ ಹಾಕುವ ಹುಡುಗರಿಗೇನೂ ಕಡಿಮೆ ಇಲ್ಲ. ವಿಟಿಯು ಇರುವುದೇ ಇಲ್ಲಿ. ಹತ್ತರಗಿಯಲ್ಲಿ ನಿಜವಾದ ವಿಮಾನಗಳ ಬಿಡಿಭಾಗಗಳೇ ತಯಾರಾಗುತ್ತವೆ. ಆದರೆ ಮೊದಲ ಸಲ ಮಾಡುವವರು ಹೆಚ್ಚಾಗಿ ಜೋರಾದ ಮೋಟಾರ್ ಮೊದಲು ತರಿಸುತ್ತಾರೆ. ಅದಕ್ಕೆ ಹೊಂದುವ ಬ್ಯಾಟರಿ ಹುಡುಕುತ್ತಾರೆ. ಎಲ್ಲ ಅಂಟಿಸಿದ ಮೇಲೆ ವಿಮಾನ ತೂಗುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ತೂಕದಿಂದ ಥ್ರಸ್ಟ್ (ವಿಮಾನವನ್ನು ಮುಂದೆ ಎಳೆಯುವ ಬಲ), ಥ್ರಸ್ಟ್‌ನಿಂದ ಮೋಟಾರ್ ಮತ್ತು ಪ್ರೊಪೆಲ್ಲರ್, ಅವು ಎಳೆಯುವ ಕರೆಂಟಿನಿಂದ ಇಎಸ್‌ಸಿ (ವೇಗ ನಿಯಂತ್ರಕ) ಮತ್ತು ಬ್ಯಾಟರಿ. ಹೀಗೆ ಹೋದರೆ ದುಡ್ಡು ಉಳಿಯುತ್ತದೆ, ವಿಮಾನವೂ ಉಳಿಯುತ್ತದೆ.

ಇಲ್ಲಿರುವ ಲೆಕ್ಕವೆಲ್ಲ ಒಂದು ಮೀಟರ್ ಉದ್ದದ ರೆಕ್ಕೆ ಮೇಲ್ಗಡೆ ಕೂರುವ ಟ್ರೇನರ್ ವಿಮಾನದ್ದು. ಫೈಟರ್ ಜೆಟ್ ನೋಡಲು ಚೆಂದ, ಗೊತ್ತು. ಅದನ್ನು ಎರಡನೇ ವಿಮಾನಕ್ಕೆ ಇಟ್ಟುಕೊಳ್ಳಿ.

ಹಂತ 1: ತೂಕ ಬರೆದುಕೊಳ್ಳಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 5 ಮಿ.ಮೀ. ಫೋಮ್ ಬೋರ್ಡಿನ ಬಾಡಿ, ರೆಕ್ಕೆ, ಬಾಲ, ಅಂಟು ಸೇರಿ 300 ಗ್ರಾಂ ಅಂತ ಹಿಡಿಯೋಣ. ಮೋಟಾರ್ 50, ಇಎಸ್‌ಸಿ 25, ಎರಡು ಸಣ್ಣ ಸರ್ವೊ (ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) 18, ರಿಸೀವರ್ (ರೇಡಿಯೊ ಸಿಗ್ನಲ್ ಹಿಡಿಯುವ ಭಾಗ) 15, ಬ್ಯಾಟರಿ 110. ಪ್ರೊಪೆಲ್ಲರ್, ಪ್ಲೈವುಡ್ ತುಂಡು, ಸರ್ವೊ ಕಡ್ಡಿ, ವೈರು, ಸ್ಕ್ರೂ ಅಂತ ಇನ್ನೊಂದು 50. ಒಟ್ಟು 570 ಗ್ರಾಂ ಆಸುಪಾಸು. ಲೆಕ್ಕಕ್ಕೆ 600 ಇಟ್ಟುಕೊಳ್ಳಿ.

ರೆಕ್ಕೆ 100 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಇದ್ದರೆ ಅದರ ವಿಸ್ತೀರ್ಣ 20 ಚದರ ಡೆಸಿಮೀಟರ್. ಅಂದರೆ ಪ್ರತಿ ಚದರ ಡೆಸಿಮೀಟರ್ 30 ಗ್ರಾಂ ಹೊರಬೇಕು. ಹೊಸಬರಿಗೆ ಇದನ್ನೇ ಮೇಲಿನ ಮಿತಿ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಇದಕ್ಕಿಂತ ಭಾರ ಆದರೆ ವಿಮಾನ ವೇಗವಾಗಿ ಹಾರಲೇಬೇಕು, ವೇಗವಾಗಿಯೇ ನೆಲಕ್ಕೆ ಬರಬೇಕು. ಕಲಿಯುವವರ ಕೈ ಅಷ್ಟು ಬೇಗ ಓಡುವುದಿಲ್ಲ. ತೂಕ ಹೆಚ್ಚುವುದು ಬಹುಪಾಲು ಹಾಟ್ ಗ್ಲೂನಿಂದ. ಸುಮ್ನೆ ಧಾರಾಳವಾಗಿ ಸುರಿಯಬೇಡಿ.

ಹಂತ 2: ಮೋಟಾರ್ ಮತ್ತು ಪ್ರೊಪೆಲ್ಲರ್

ಇವೆರಡನ್ನೂ ಬೇರೆ ಬೇರೆ ಆರಿಸಲು ಆಗುವುದಿಲ್ಲ. ಎಷ್ಟು ಕರೆಂಟ್ ಹರಿಯಬೇಕು ಅಂತ ತೀರ್ಮಾನಿಸುವುದು ಮೋಟಾರಿಗಿಂತ ಹೆಚ್ಚಾಗಿ ಅದರ ಮೂತಿಗೆ ಸಿಕ್ಕಿಸಿದ ಪ್ರೊಪೆಲ್ಲರ್.

ನಮಗೆ ಬೇಕಾದದ್ದು ಬ್ರಷ್‌ಲೆಸ್ ಔಟ್‌ರನ್ನರ್. ಅಂದರೆ ಹೊರಗಿನ ಡಬ್ಬಿಯೇ ತಿರುಗುವ ಮೋಟಾರ್. 2212 ಅಂದರೆ ಒಳಗೆ ತಂತಿ ಸುತ್ತಿದ ಭಾಗದ ಅಡ್ಡಳತೆ 22 ಮಿ.ಮೀ., ಎತ್ತರ 12 ಮಿ.ಮೀ. ಕೆಲವರು ಹೊರಗಿನ ಡಬ್ಬಿಯ ಅಳತೆ ಬರೆಯುತ್ತಾರೆ. ಹಾಗಾಗಿ ತೂಕವನ್ನೂ ನೋಡಿ, 50 ಗ್ರಾಂ ಹತ್ತಿರ ಇರಬೇಕು.

ಇನ್ನು ಕೆವಿ. ಪ್ರೊಪೆಲ್ಲರ್ ಇಲ್ಲದೆ ಬಿಟ್ಟರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಅಂಕಿ ಇದು. 1000 ಕೆವಿ ಮೋಟಾರಿಗೆ 11.1 ವೋಲ್ಟ್ ಕೊಟ್ಟರೆ 11,100 ಸುತ್ತು. ಕೆವಿ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತ ತಿಳಿಯುವವರೇ ಹೆಚ್ಚು. ಹಾಗಲ್ಲ. ಚೋರ್ಲಾ ಘಾಟ್ ಏರುವಾಗ ಬೈಕಿನ ಗೇರ್ ಇಳಿಸುತ್ತೀರಿ, ಅಲ್ವಾ? ಕಡಿಮೆ ಕೆವಿ ಅಂದರೆ ಹಾಗೆ. ದೊಡ್ಡ ಪ್ರೊಪೆಲ್ಲರನ್ನು ನಿಧಾನಕ್ಕೆ, ಬಲವಾಗಿ ತಿರುಗಿಸುತ್ತದೆ. 2200 ಕೆವಿ ಮೋಟಾರ್ 6 ಇಂಚಿನ ಸಣ್ಣ ಪ್ರೊಪೆಲ್ಲರಿಗೆ, ವೇಗದ ವಿಮಾನಕ್ಕೆ. ಅದಕ್ಕೆ 10 ಇಂಚಿನದು ಹಾಕಿ 3ಎಸ್ (ಮೂರು ಸೆಲ್‌ನ) ಬ್ಯಾಟರಿ ಕೊಟ್ಟರೆ ಹೊಗೆ ಗ್ಯಾರಂಟಿ. ನಿಧಾನ ಹಾರುವ ಟ್ರೇನರಿಗೆ 1000 ಕೆವಿ ಸರಿ.

ಪ್ರೊಪೆಲ್ಲರ್ ಮೇಲೆ 10×4.5 ಅಂತ ಇದ್ದರೆ ಮೊದಲನೆಯದು ಇಂಚಿನಲ್ಲಿ ಉದ್ದ. ಎರಡನೆಯದು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಡ್ರೋನ್ ಪ್ರೊಪೆಲ್ಲರ್ ಮೇಲೆ ಇದನ್ನೇ 1045 ಅಂತ ಬರೆದಿರುತ್ತದೆ. ಅವು ಎಡಕ್ಕೊಂದು, ಬಲಕ್ಕೊಂದು ತಿರುಗುವ ಜೋಡಿಯಾಗಿ ಬರುತ್ತವೆ. ಯಾವುದನ್ನೇ ಹಾಕಿದರೂ ಅಕ್ಷರ ಇರುವ ಮುಖ ವಿಮಾನ ಹೋಗುವ ದಿಕ್ಕಿಗಿರಲಿ. ಮೋಟಾರ್ ಉಲ್ಟಾ ತಿರುಗಿದರೆ ಅದರ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಅಗ್ಗದ 2212, 1000 ಕೆವಿ ಮೋಟಾರಿಗೆ ಸಾಮಾನ್ಯವಾಗಿ 12 ಆಂಪಿಯರ್ ಮಿತಿ ಬರೆದಿರುತ್ತದೆ, ಅದೂ ಒಂದು ನಿಮಿಷಕ್ಕೆ. 3ಎಸ್ ಬ್ಯಾಟರಿಯಲ್ಲಿ 10 ಇಂಚಿನ ಪ್ರೊಪೆಲ್ಲರ್ ಆ ಮಿತಿಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಅದಕ್ಕೇ 9 ಇಂಚಿನಿಂದ ಶುರು ಮಾಡಿ. ಟ್ರೇನರಿಗೆ ತೂಕದ ಅರ್ಧದಷ್ಟು ಥ್ರಸ್ಟ್ ಇದ್ದರೂ ಹಾರುತ್ತದೆ. ಮುಕ್ಕಾಲು ಪಾಲಿನಿಂದ ತೂಕದಷ್ಟೇ ಇದ್ದರೆ ನಿಶ್ಚಿಂತೆ. 600 ಗ್ರಾಂ ವಿಮಾನಕ್ಕೆ 450ರಿಂದ 600 ಗ್ರಾಂ ಥ್ರಸ್ಟ್. ಅದಕ್ಕಿಂತ ಹೆಚ್ಚು ಬೇಡ.

ಮಾರುವವರ ಪಟ್ಟಿಯಲ್ಲಿ ಇರುವ ಥ್ರಸ್ಟ್ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 7ರಷ್ಟು ತೆಳು. ಸಮುದ್ರಮಟ್ಟದಲ್ಲಿ 650 ಗ್ರಾಂ ಎಳೆಯುವುದು ಇಲ್ಲಿ 600ಕ್ಕೆ ಇಳಿಯುತ್ತದೆ. ಬಿಸಿಲಿಗೆ ಇನ್ನೂ ಸ್ವಲ್ಪ ಕಡಿಮೆ.

ನೀವೇ ಅಳೆಯಬಹುದು. ಒಂದು ಇಟ್ಟಿಗೆಗೆ ಅಡಿ ಎತ್ತರದ ಕಟ್ಟಿಗೆ ತುಂಡನ್ನು ನೆಟ್ಟಗೆ ಬಿಗಿದು, ತುದಿಗೆ ಮೋಟಾರ್ ಕೂರಿಸಿ. ಪ್ರೊಪೆಲ್ಲರ್ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಇದನ್ನು ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿ, ದೂರದಿಂದ ಥ್ರಾಟಲ್ (ರೇಡಿಯೊದಲ್ಲಿ ಮೋಟಾರಿನ ವೇಗ ಏರಿಸಿ ಇಳಿಸುವ ಕಡ್ಡಿ) ಏರಿಸಿ. ಮೈನಸ್ ಎಷ್ಟು ತೋರಿಸುತ್ತದೋ ಅಷ್ಟು ಗ್ರಾಂ ಥ್ರಸ್ಟ್. ಕೆಳಗೆ ಬಡಿಯುವ ಗಾಳಿಯಿಂದ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ. ಬರಲಿ ಬಿಡಿ, ಜಾಸ್ತಿ ತೋರಿಸುವುದಕ್ಕಿಂತ ವಾಸಿ. ಪ್ರೊಪೆಲ್ಲರಿನ ಸಮಕ್ಕೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮುರಿದರೆ ತುಂಡು ಹಾರುವುದು ಆ ಕಡೆಗೇ. 9 ಇಂಚಿನ ಪ್ರೊಪೆಲ್ಲರ್ ಬೆರಳು ಸೀಳುತ್ತದೆ, ಆಟಿಕೆ ಅಂದುಕೊಳ್ಳಬೇಡಿ.

ಮೋಟಾರನ್ನು 3 ಮಿ.ಮೀ. ಪ್ಲೈವುಡ್‌ಗೆ ಬಿಗಿಯುವಾಗ ಒಂದು ಎಚ್ಚರಿಕೆ. ಸ್ಕ್ರೂ ಉದ್ದವಾದರೆ ತುದಿ ಒಳಗಿನ ತಂತಿಗೆ ತಾಗಿ ಮೋಟಾರ್ ಶಾರ್ಟ್ ಆಗುತ್ತದೆ. ಹೊಸ ಮೋಟಾರ್ ಹಾರುವ ಮೊದಲೇ ಹಾಳಾಗಲು ಇದೊಂದು ಸಾಕು. ಮೋಟಾರಿನ ಮೂತಿ ಎರಡು ಮೂರು ಡಿಗ್ರಿ ಕೆಳಕ್ಕೆ ವಾಲಿರಲಿ; ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ಹಾಗೆ ತಿರುಗುವುದಾದರೆ ಎರಡು ಡಿಗ್ರಿ ಬಲಕ್ಕೂ ವಾಲಿರಲಿ.

ಹಂತ 3: ಇಎಸ್‌ಸಿ

ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್ ಇದು. ಮೋಟಾರ್ 12 ಆಂಪಿಯರ್ ಎಳೆದರೆ 20ರದ್ದು ಸಾಕು. 30ರದ್ದು ಎಲ್ಲ ಕಡೆ ಸಿಗುತ್ತದೆ, ಅದನ್ನೇ ತಗೊಳ್ಳಿ. 30 ಹಾಕಿದರೆ ಮೋಟಾರ್ ಸುಡುತ್ತದಾ ಅಂತ ಕೆಲವರು ಕೇಳುತ್ತಾರೆ. ಸುಡುವುದಿಲ್ಲ. ಅದು ತಡೆದುಕೊಳ್ಳುವ ಮಿತಿ ಅಷ್ಟೇ.

ಸೀನಿಯರ್‌ಗಳ ಡ್ರೋನ್ ಪ್ರಾಜೆಕ್ಟಿನಿಂದ ಉಳಿದ ಇಎಸ್‌ಸಿ ಅಗ್ಗಕ್ಕೆ ಸಿಕ್ಕರೆ ಎರಡು ವಿಷಯ ನೋಡಿ. ಒಂದು, ಅದರಲ್ಲಿ ಬಿಇಸಿ ಇದೆಯಾ? ರಿಸೀವರ್ ಮತ್ತು ಸರ್ವೊಗಳಿಗೆ 5 ವೋಲ್ಟ್ ಕೊಡುವುದು ಅದೇ. ಆಪ್ಟೊ ಅಂತ ಬರೆದಿದ್ದರೆ ಇರುವುದಿಲ್ಲ. ಎರಡು, ಬ್ಯಾಟರಿ ಇಳಿದಾಗ ಮೋಟಾರ್ ನಿಲ್ಲಿಸುವ ವ್ಯವಸ್ಥೆ ಡ್ರೋನ್ ಇಎಸ್‌ಸಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಡ್ರೋನ್ ಮೋಟಾರ್ ಗಾಳಿಯಲ್ಲಿ ನಿಂತರೆ ಅದು ಕಲ್ಲಿನ ಹಾಗೆ ಬೀಳುತ್ತದೆ, ಅದಕ್ಕೆ. ವಿಮಾನ ಹಾಗಲ್ಲ, ತೇಲಿಕೊಂಡು ಇಳಿಯುತ್ತದೆ. ಆದ್ದರಿಂದ ವಿಮಾನಕ್ಕೆಂದೇ ಮಾಡಿದ್ದನ್ನು ತಗೊಳ್ಳಿ. ಇಲ್ಲವಾದರೆ ಬ್ಯಾಟರಿಗೆ ಒಂದು ಬಜರ್ ಸಿಕ್ಕಿಸಿ, ಸೆಲ್‌ಗೆ 3.5 ವೋಲ್ಟ್‌ಗೆ ಕೂಗುವಂತೆ ಇಡಿ.

ಹಂತ 4: ಬ್ಯಾಟರಿ

3ಎಸ್ ಲಿಪೊ (ಲಿಥಿಯಂ ಪಾಲಿಮರ್), 1300 ಎಂಎಎಚ್, 25 ಸಿ. ಮೂರು ಸೆಲ್ ಸಾಲಾಗಿ ಇರುವುದರಿಂದ 11.1 ವೋಲ್ಟ್, ಪೂರ್ತಿ ಚಾರ್ಜ್ ಆದರೆ 12.6. ಸಿ ಅಂದರೆ ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಅಂಕಿ, ಲೆಕ್ಕ ಸುಲಭ: 1.3 ಆಂಪಿಯರ್ ಅವರ್ × 25 = 32.5 ಆಂಪಿಯರ್. ನಮಗೆ ಬೇಕಾದ 12ಕ್ಕೆ ಧಾರಾಳ. ಹಾರುವಾಗ ಸರಾಸರಿ 6 ಆಂಪಿಯರ್ ಅಂದುಕೊಂಡು, ಶೇ 80ರಷ್ಟು ಮಾತ್ರ ಬಳಸಿದರೆ 10 ನಿಮಿಷ. ಕಲಿಯುವವರಿಗೆ ಹತ್ತು ನಿಮಿಷ ಬಹಳ ಹೊತ್ತು, ಬೆವರು ಇಳಿದಿರುತ್ತದೆ.

2200 ಎಂಎಎಚ್ ಹಾಕಿದರೆ ಇನ್ನೂ ಹೊತ್ತು ಹಾರಬಹುದಲ್ಲ? 70 ಗ್ರಾಂ ಹೆಚ್ಚು ಹೊರಬೇಕು. ಅದರ ಬದಲು ಎರಡು ಸಣ್ಣ ಬ್ಯಾಟರಿ ಇಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್‌ಗಳು ಬೇಡವೇ ಬೇಡ. ಇಷ್ಟು ಕರೆಂಟ್ ಕೊಡಲು ಅವು ಮಾಡಿದ್ದಲ್ಲ. ಥ್ರಾಟಲ್ ಏರಿಸಿದೊಡನೆ ವೋಲ್ಟೇಜ್ ಕುಸಿಯುತ್ತದೆ. ಚಾರ್ಜರ್ ಬ್ಯಾಲೆನ್ಸ್ ಮಾಡುವಂಥದ್ದೇ (ಎಲ್ಲ ಸೆಲ್ ಸಮವಾಗಿ ತುಂಬುವಂಥದ್ದೇ) ಆಗಬೇಕು, 1300ರ ಬ್ಯಾಟರಿಗೆ 1.3 ಆಂಪಿಯರ್ ಮೀರಬಾರದು.

ಹಂತ 5: ರೇಡಿಯೊ ಮತ್ತು ಸರ್ವೊ

ಜಿಪುಣತನ ಮಾಡಬಾರದ ಜಾಗ ರೇಡಿಯೊ. ಉಳಿದ ಸಾಮಾನೆಲ್ಲ ಸೇರಿದರೂ ಇದೊಂದರ ರೇಟು ಬರಲಿಕ್ಕಿಲ್ಲ. ಆದರೆ ವಿಮಾನ ಮುರಿದರೂ ಇದು ನಿಮ್ಮ ಕೈಯಲ್ಲೇ ಇರುತ್ತದೆ. ಫ್ಲೈಸ್ಕೈ ಎಫ್‌ಎಸ್-ಐ6 ಥರದ ಆರು ಚಾನೆಲ್‌ನದ್ದು ವರ್ಷಗಟ್ಟಲೆ ಸಾಕು. ಸ್ಕ್ರೀನ್ ಇಲ್ಲದ, ಸಣ್ಣ ಬದಲಾವಣೆಗೂ ಕಂಪ್ಯೂಟರ್ ಬೇಕಾಗುವ ಹಳೆಯ ಮಾದರಿಗಳನ್ನು ಬಿಡಿ. ಹೊಲದ ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವುದು ಯಾರಿಗೆ ಬೇಕು? ಥ್ರಾಟಲ್ ಎಡಗೈಗೆ ಬಂದರೆ ಮೋಡ್ 2, ಬಲಗೈಗೆ ಬಂದರೆ ಮೋಡ್ 1. ಹತ್ತಿರದಲ್ಲಿ ಕಲಿಸುವವರಿದ್ದರೆ ಅವರದು ಯಾವುದೋ ಅದನ್ನೇ ತಗೊಳ್ಳಿ.

ಸರ್ವೊಗೆ 9 ಗ್ರಾಂನ ಎಸ್‌ಜಿ90 ಸಾಕು. ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ ರಡರ್‌ಗೆ ಒಂದು, ಮೇಲೆ ಕೆಳಗೆ ಮಾಡುವ ಪಟ್ಟಿ ಎಲಿವೇಟರ್‌ಗೆ ಒಂದು. ಸರ್ವೊ ಕಡ್ಡಿಗೆ ಸೈಕಲ್ ಸ್ಪೋಕ್ ನಡೆಯುತ್ತದೆ.

ಹಂತ 6: ಟೇಬಲ್ ಮೇಲಿನ ಪರೀಕ್ಷೆ

ಪ್ರೊಪೆಲ್ಲರ್ ಬಿಚ್ಚಿಟ್ಟೇ ಇದನ್ನು ಮಾಡಬೇಕು. ಥ್ರಾಟಲ್ ಪೂರ್ತಿ ಏರಿಸಿ ಬ್ಯಾಟರಿ ಜೋಡಿಸಿ. ಬೀಪ್ ಬಂದ ಮೇಲೆ ಪೂರ್ತಿ ಇಳಿಸಿ. ಇಎಸ್‌ಸಿ ನಿಮ್ಮ ರೇಡಿಯೊದ ಮಿತಿ ಕಲಿತುಕೊಳ್ಳುತ್ತದೆ. ಆಮೇಲೆ ಫೇಲ್‌ಸೇಫ್ ಇಡಿ: ಸಿಗ್ನಲ್ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಬರಬೇಕು. ಇಟ್ಟ ಮೇಲೆ ರೇಡಿಯೊ ಆಫ್ ಮಾಡಿ ನೋಡಿ, ಮೋಟಾರ್ ನಿಲ್ಲಬೇಕು. ಇದನ್ನು ಮಾತ್ರ ಬಿಡಬೇಡಿ.

ಬ್ಯಾಟರಿ ಹಿಂದೆ ಮುಂದೆ ಸರಿಸಿ ತೂಕದ ಮಧ್ಯ ಹೊಂದಿಸಿ. 20 ಸೆಂ.ಮೀ. ಅಗಲದ ರೆಕ್ಕೆಯಲ್ಲಿ ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಹಿಂದೆ ಬೆರಳಿಟ್ಟು ಎತ್ತಿದಾಗ ವಿಮಾನ ಸಮವಾಗಿ ನಿಲ್ಲಬೇಕು. ಮೂತಿ ಸ್ವಲ್ಪ ಭಾರ ಆದರೂ ನಡೆದೀತು, ಬಾಲ ಭಾರ ಆಗಬಾರದು. ಕೊನೆಗೆ ಇನ್ನೊಮ್ಮೆ ತೂಗಿ. 600 ದಾಟಿದ್ದರೆ ಎಲ್ಲಿ ಹೆಚ್ಚಾಯಿತು ಅಂತ ಹುಡುಕಿ, ಮೋಟಾರ್ ಬದಲಿಸಲು ಹೋಗಬೇಡಿ.

ಎಲ್ಲಿ ಹಾರಿಸುವುದು?

2021ರ ಡ್ರೋನ್ ನಿಯಮಗಳು ರೆಕ್ಕೆ ಇರುವ ವಿಮಾನಕ್ಕೂ ಅನ್ವಯಿಸುತ್ತವೆ. ಸಾಂಬ್ರಾ ವಿಮಾನ ನಿಲ್ದಾಣ ಊರಿಗೆ ಹತ್ತಿರ. ನಿಲ್ದಾಣದ ಸರಹದ್ದಿನಿಂದ 12 ಕಿ.ಮೀ. ತನಕ ನಿರ್ಬಂಧಗಳಿವೆ, ಊರಿನ ಸಾಕಷ್ಟು ಭಾಗ ಅದರೊಳಗೇ ಬರುತ್ತದೆ. ಸೇನೆಯ ಜಾಗಗಳೂ ಇವೆ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಹಸಿರು ವಲಯ (ಹಾರಿಸಲು ಅನುಮತಿ ಬೇಡದ ಜಾಗ) ಅಂತ ಖಚಿತ ಮಾಡಿಕೊಂಡೇ ಹೊರಡಿ. ಅಲ್ಲೂ 400 ಅಡಿ ಮೀರುವಂತಿಲ್ಲ, ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 200 ಅಡಿ.

ಬೈಲಹೊಂಗಲ, ಸವದತ್ತಿ ಕಡೆ ಸುಗ್ಗಿ ಮುಗಿದ ಮೇಲೆ ಹರಗಿದ ಎರಿ ಹೊಲ ಸಿಕ್ಕರೆ ಬಿಡಬೇಡಿ, ಮೆತ್ತಗಿರುತ್ತದೆ. ಜೋಳದ ಕೂಳೆ ಇರುವ ಹೊಲ ಬೇಡ, ಫೋಮ್ ತೂತು ಬೀಳುತ್ತದೆ. ಹೊಲದವರನ್ನು ಕೇಳಿಯೇ ಇಳಿಯಿರಿ. "ಕಾಕಾ, ಒಂದು ತಾಸು ವಿಮಾನ ಹಾರಿಸ್ತೀವ್ರಿ" ಅಂದರೆ ಬೇಡ ಅನ್ನುವವರು ಕಡಿಮೆ. ಅವರ ಮನೆ ಮಕ್ಕಳೂ ನೋಡಲು ಬರುತ್ತಾರೆ, ಅವರನ್ನು ನಿಮ್ಮ ಹಿಂದೆ ನಿಲ್ಲಿಸಿ. ಮಳೆಗಾಲದ ಪಡುವಣ ಗಾಳಿಗೆ 600 ಗ್ರಾಂ ವಿಮಾನ ತಡೆಯುವುದಿಲ್ಲ. ಚಳಿಗಾಲದ ಬೆಳಗ್ಗೆ, ಗಾಳಿ ಏಳುವ ಮೊದಲು ಒಳ್ಳೆಯ ಹೊತ್ತು.

ಬೈಕಿನ ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟು ಬಿಸಿಲಿಗೆ ನಿಲ್ಲಿಸಬೇಡಿ. ಮನೆಗೆ ಬಂದು ಕೆಲವು ದಿನ ಹಾರಿಸುವುದಿಲ್ಲ ಅಂದರೆ ಸೆಲ್‌ಗೆ 3.8 ವೋಲ್ಟ್ ಇರುವಂತೆ ಮಾಡಿ ಎತ್ತಿಡಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದೇ ಸಲ ಅಂತ ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.