ಡಿಎನ್ಎ ವರದಿಯನ್ನು ಕೊನೆಯ ಸಾಲಿನಿಂದ ಓದುವುದನ್ನು ಬಿಟ್ಟೆ

ನಾನು ಬಾಗಲಕೋಟೆಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಕಾನೂನು ಸೇವಾ ಪ್ರಾಧಿಕಾರದಿಂದ ಬರುವ ಕೇಸುಗಳೇ ಜಾಸ್ತಿ. ಕೆಲವು ವರ್ಷಗಳ ಹಿಂದೆ ಒಂದು ಕೊಲೆ ಕೇಸಿನಲ್ಲಿ ಡಿಎನ್ಎ ವರದಿ ಬಂತು. ನಾಲ್ಕು ಪುಟ. ನಾನು ಓದಿದ್ದು ಕೊನೆಯ ಸಾಲು ಮಾತ್ರ: ‘ಹೊಂದಾಣಿಕೆಯಾಗುತ್ತದೆ’. ಲ್ಯಾಬಿನ ಅಧಿಕಾರಿ ಸಾಕ್ಷಿ ಕಟ್ಟೆಗೆ ಬಂದಾಗ ‘ನೀವು ಸುಳ್ಳು ವರದಿ ಕೊಟ್ಟಿದ್ದೀರಿ’ ಅಂದೆ. ಅವರು ‘ಇಲ್ಲ’ ಅಂದರು. ನಾನು ಕೂತೆ. ಆ ಮನುಷ್ಯ ತಪ್ಪು ಮಾಡಿದ್ದನೋ ಇಲ್ಲವೋ, ಅದು ಬೇರೆ ಮಾತು. ಅವನಿಗೆ ಸಿಗಬೇಕಾದ ವಕೀಲಿಕೆ ಸಿಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಹುಡುಕಾಡಿದಾಗ ಒಂದು ಆನ್‌ಲೈನ್ ತರಬೇತಿ ಸಿಕ್ಕಿತು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ ವಕೀಲರು, ನ್ಯಾಯಾಧೀಶರಿಗಾಗಿ ಮಾಡಿದ ಉಚಿತ ಪಾಠಗಳು. ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಕೂರುತ್ತಿದ್ದೆ. ದಿನಕ್ಕೆ ಒಂದು ಪಾಠದ ಅರ್ಧ. ಪದಗಳು ಕಷ್ಟ, ಹಾಗಾಗಿ ನೋಟ್‌ಬುಕ್ಕಿನ ಎಡಕ್ಕೆ ಅವರ ಪದ, ಬಲಕ್ಕೆ ನನ್ನ ಕನ್ನಡ ಬರೆದೆ. ಅಮೆರಿಕದ ಕಾನೂನಿನ ಪಾಠಗಳನ್ನು ಬೇಗ ದಾಟಿದೆ. ಆ ಜಾಗದಲ್ಲಿ ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 52, 184 ಮತ್ತು 176(3)ನೇ ಕಲಮುಗಳನ್ನು, ಅಂದರೆ ಅತ್ಯಾಚಾರದ ಆರೋಪಿಯ ಮತ್ತು ಸಂತ್ರಸ್ತೆಯ ವೈದ್ಯಕೀಯ ಪರೀಕ್ಷೆ, ದೊಡ್ಡ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದರ ಬಗ್ಗೆ ಇರುವವನ್ನು, ಇಟ್ಟುಕೊಂಡು ಓದಿದೆ. ವಿಜ್ಞಾನ ಎಲ್ಲ ಊರಲ್ಲೂ ಒಂದೇ ಅಲ್ವಾ, ಅದನ್ನು ಪೂರ್ತಿ ತಗೊಂಡೆ.

ಎಸ್‌ಟಿಆರ್ ಅನ್ನುವುದು ತಲೆಗೆ ಹೋಗಲು ನಾಲ್ಕು ದಿನ ಬೇಕಾಯಿತು. ಡಿಎನ್ಎಯ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 11 ಸಲ, ಇನ್ನೊಬ್ಬರಲ್ಲಿ 14 ಸಲ. ಅಪ್ಪನಿಂದ ಒಂದು ಎಣಿಕೆ, ಅವ್ವನಿಂದ ಒಂದು. ನನ್ನ ಅವ್ವ ಇಳಕಲ್ಲಿನವಳು, ನೇಯ್ಗೆ ಮನೆಯವಳು. ಅವಳಿಗೆ ಸೀರೆಯ ಅಂಚು ತೋರಿಸಿ ಹೇಳಿದೆ. ‘ಹಂಗಾದ್ರ ಒಂದ ಅಂಚು ನೋಡಿ ಇದ ಸೀರಿ ಅನ್ನಾಕ ಬರೂದಿಲ್ಲ. ಸೆರಗು, ಮೈ, ಎಲ್ಲಾ ಕೂಡಬೇಕು’ ಅಂದಳು. ಸರಿಯಾಗಿ ಅದೇ. ಒಂದು ಜಾಗ ಕೂಡಿದರೆ ಸಾಲದು. ಅಮೆರಿಕದ ಪೊಲೀಸರ ಡಿಎನ್ಎ ಡೇಟಾಬೇಸ್ ಮೊದಲು 13 ಜಾಗ ನೋಡುತ್ತಿತ್ತು, 2017ರಿಂದ 20 ನೋಡುತ್ತದೆ. ಈಗ ವರದಿ ಕೈಗೆ ಬಂದ ಕೂಡಲೇ ಎಷ್ಟು ಜಾಗಗಳಲ್ಲಿ ಫಲಿತಾಂಶ ಸಿಕ್ಕಿದೆ ಅಂತ ಮೊದಲು ಎಣಿಸುತ್ತೇನೆ.

ವೈ-ಎಸ್‌ಟಿಆರ್, ಅಂದರೆ ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಎಸ್‌ಟಿಆರ್, ಅದರ ಪಾಠ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೆಣ್ಣಿನ ಜೀವಕೋಶಗಳೇ ತುಂಬಿರುವ ಮಾದರಿಯಲ್ಲಿ ಗಂಡಿನ ಗುರುತು ಹುಡುಕಲು ಅದು ಉಪಯೋಗ. ಆದರೆ ಅದು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿದು ಬರುತ್ತದೆ. ಅಣ್ಣ, ತಮ್ಮ, ದೊಡ್ಡಪ್ಪ, ಚಿಕ್ಕಪ್ಪನ ಮಗ, ಎಲ್ಲರದ್ದೂ ಒಂದೇ ಇರಬಹುದು. ನಮ್ಮ ಹಳ್ಳಿಗಳಲ್ಲಿ ಒಂದೇ ಮನೆತನದವರು ಒಂದೇ ಓಣಿಯಲ್ಲಿ ಇರುತ್ತಾರೆ. ಅಲ್ಲಿ ‘ಹೊಂದಾಣಿಕೆಯಾಗುತ್ತದೆ’ ಅಂದರೆ ಯಾರ ಜೊತೆ? ಓಣಿಯ ಅರ್ಧ ಗಂಡಸರ ಜೊತೆ ಇರಬಹುದು. ಇದನ್ನು ನಾನು ಅಷ್ಟು ವರ್ಷ ಕೇಳಿಯೇ ಇರಲಿಲ್ಲ.

ಆದರೂ ನನ್ನ ಕೆಲಸ ನಿಜಕ್ಕೂ ಬದಲಾದದ್ದು ಲ್ಯಾಬಿನ ಪಾಠದಿಂದ ಅಲ್ಲ, ಕವರಿನ ಪಾಠದಿಂದ. ರಕ್ತದ ಕಲೆ ಇರುವ ಬಟ್ಟೆಯನ್ನು ಹಸಿಯಾಗಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಒಳಗೆ ತೇವ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆದು ಡಿಎನ್ಎ ತುಂಡಾಗುತ್ತದೆ. ಆರಿಸಿ ಕಾಗದದ ಕವರಿನಲ್ಲಿ ಇಡಬೇಕು. ಮುಂದಿನ ಕೇಸಿನಲ್ಲಿ ಪಂಚನಾಮೆ ತೆಗೆದು ನೋಡಿದೆ. ಮೇ ತಿಂಗಳು. ನಮ್ಮ ಮೇ ಹೇಗಿರುತ್ತದೆ ಅಂತ ಗೊತ್ತಲ್ಲ. ಅಂಗಿ, ಟವೆಲ್ ಎರಡೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು ಬರೆಯುವ ಮುದ್ದೆಮಾಲು ರಿಜಿಸ್ಟರಿನಲ್ಲಿ ಲ್ಯಾಬಿಗೆ ಕಳಿಸಿದ ತಾರೀಖು 23 ದಿನ ಆದಮೇಲೆ. ಪಾಟೀಸವಾಲಿನಲ್ಲಿ ಸುಳ್ಳು, ನಿಜದ ಮಾತೇ ಎತ್ತಲಿಲ್ಲ. ಬಟ್ಟೆ ಒಣಗಿತ್ತಾ? ಬೇರೆ ಬೇರೆ ಕಟ್ಟಿದಿರಾ? ಗ್ಲೌಸ್ ಬದಲಿಸಿದಿರಾ? ಆ ಚೀಲ ಎಲ್ಲಿತ್ತು, ಕೀಲಿ ಯಾರ ಹತ್ತಿರ? ಬಸ್ಸಿನಲ್ಲಿ ಒಯ್ದ ಪೇದೆಯ ಹೇಳಿಕೆ ಎಲ್ಲಿದೆ? ಲ್ಯಾಬ್ ತಲುಪಿದಾಗ ಅರಗಿನ ಸೀಲು ಮಾದರಿ ಸೀಲಿಗೆ ಕೂಡಿತ್ತಾ? ಒಂದೊಂದೇ ಕೇಳಿದೆ. ತನಿಖಾಧಿಕಾರಿಯ ಬಳಿ ಮೂರಕ್ಕೆ ಉತ್ತರ ಇತ್ತು.

ಇವು ಸುಮ್ನೆ ತಾಂತ್ರಿಕ ತಕರಾರಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಛಾವ್ಲಾ ಕೇಸಿನ ಮೂವರು ಆರೋಪಿಗಳನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು: 2012ರ ಫೆಬ್ರವರಿ 14 ಮತ್ತು 16ರಂದು ತೆಗೆದ ಮಾದರಿಗಳು 27ರವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ, ಅಂದರೆ ಮುದ್ದೆಮಾಲು ಇಡುವ ಕೋಣೆಯಲ್ಲೇ, ಇದ್ದವು. ಒಬ್ಬ ಹುಡುಗಿಯ ಕೊಲೆಯ ಕೇಸದು. ಕವರು, ತಾರೀಖು ಸರಿ ಇಲ್ಲದಿದ್ದರೆ ಆರೋಪಿಗಷ್ಟೇ ಅಲ್ಲ, ಸತ್ತವರ ತಾಯಿ ತಂದೆಗೂ ಅನ್ಯಾಯ. 2025ರ ಜುಲೈನಲ್ಲಿ ತಮಿಳುನಾಡಿನ ಒಂದು ಕೇಸಿನಲ್ಲಿ ಅದೇ ಕೋರ್ಟ್ ಡಿಎನ್ಎ ಮಾದರಿ 48 ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಕೈಯಿಂದ ಕೈಗೆ ಹೋದ ದಾಖಲೆ ಇರಬೇಕು ಎಂದು ನಿರ್ದೇಶನ ಕೊಟ್ಟಿತು. ಆ ತೀರ್ಪಿನ ಪ್ರತಿ ಈಗ ನನ್ನ ಚೀಲದಲ್ಲೇ ಇರುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ವರದಿಯ ಜೊತೆ ಯಂತ್ರ ತೆಗೆದ ಗ್ರಾಫುಗಳನ್ನೂ ಕೊಡಿಸಿ ಎಂದು ಕೋರ್ಟಿಗೆ ಅರ್ಜಿ ಹಾಕುತ್ತೇನೆ. ಇಬ್ಬರು ಮೂವರ ಡಿಎನ್ಎ ಬೆರೆತಿದ್ದರೆ ಅದರ ಸುಳಿವು ಆ ಗ್ರಾಫಿನಲ್ಲಿ ಸಿಗುತ್ತದೆ. ಮೊದಮೊದಲು ಓದಲು ಬರುತ್ತಿರಲಿಲ್ಲ, ಈಗ ಒಂದು ಜಾಗದಲ್ಲಿ ಎರಡಕ್ಕಿಂತ (ಅಪ್ಪನದೊಂದು, ಅವ್ವನದೊಂದು) ಜಾಸ್ತಿ ಶಿಖರ ಕಂಡರೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನೆ.

ಹೋದ ತಿಂಗಳು ಕೋರ್ಟಿನ ವರಾಂಡದಲ್ಲಿ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದರು. ನಾನು ಪ್ರಶ್ನೆ ಕೇಳಿದ ದಿನ ಅವರೂ ಅಲ್ಲಿದ್ದರಂತೆ. ‘ಮೇಡಂ, ಬಟ್ಟಿ ಹಸಿ ಇದ್ರ ಏನ್ ಮಾಡಬೇಕ್ರಿ?’ ಅಂದರು. ನೆರಳಿನಲ್ಲಿ ಸ್ವಚ್ಛ ಕಾಗದದ ಮೇಲೆ ಹರಡಿ, ಒಂದಕ್ಕೊಂದು ತಾಗಬಾರದು, ಪ್ರತಿಯೊಂದಕ್ಕೂ ಹೊಸ ಗ್ಲೌಸು, ಹೊಸ ಕಾಗದದ ಕವರು ಅಂದೆ. ಅವರು ಕೈಯಲ್ಲಿದ್ದ ಸಮನ್ಸಿನ ಹಿಂದೆ ಬರೆದುಕೊಂಡರು. ಕವರಿನ ಮೇಲೆ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ ಅಂತ ಸೇರಿಸಿದೆ.